ಕಾಗೆಗಳು ಗುರುತು ಹಿಡಿದ ಲೈನ್‌ಮನ್

ಮದುವೆಯಾಗಿ ಚಿತ್ರದುರ್ಗಕ್ಕೆ ಬಂದಾಗ ನನಗೆ ಮೊದಲು ಅನುಮಾನ ಹುಟ್ಟಿಸಿದ್ದು ಅಲ್ಲಿನ ಕಾಗೆಗಳು. ನಾನು ಹೊಸದುರ್ಗದ ಆಚೆ, ಕುರಿ ಸಾಕುವವರ ಹಟ್ಟಿಯಲ್ಲಿ ಬೆಳೆದವಳು. ನಮ್ಮ ಕಡೆಯ ಕಾಗೆ ಕೊಕ್ಕಿನಿಂದ ಬಾಲದ ತುದಿಯವರೆಗೂ ಕಪ್ಪು. ಕುರಿಯ ಬೆನ್ನೇರಿ ಉಣುಗು ಹೆಕ್ಕಿ ತಿನ್ನುತ್ತದೆ, ಮನುಷ್ಯರು ಹತ್ತಿರ ಬಂದರೆ ಎದ್ದು ಹೋಗುತ್ತದೆ. ದುರ್ಗದ ಕಾಗೆ ಅದಕ್ಕಿಂತ ಸಣ್ಣದು, ಕತ್ತಿನ ಸುತ್ತ ಬೂದಿ ಬಳಿದುಕೊಂಡ ಹಾಗೆ ಇರುತ್ತದೆ. ಅದು ನಮ್ಮನ್ನು ಕಂಡು ಏಳುವುದಿಲ್ಲ. ಕತ್ತು ಓರೆ ಮಾಡಿ, ಮೊದಲು ಕೈ ನೋಡುತ್ತದೆ, ಆಮೇಲೆ ಮುಖ ನೋಡುತ್ತದೆ. ಇವಳು ಕಲ್ಲು ಎಸೆಯುವವಳೋ, ಅನ್ನ ಎಸೆಯುವವಳೋ, ಏನೂ ಮಾಡದೆ ಬೈದು ಸುಮ್ಮನಾಗುವವಳೋ ಎಂದು ತೀರ್ಮಾನ ಮಾಡಿಕೊಂಡು ಆಮೇಲೆ ತನ್ನ ಕೆಲಸಕ್ಕೆ ಕೈಹಾಕುತ್ತದೆ. ನಾನು ಬಂದ ವಾರದಲ್ಲೇ ನನ್ನ ವಿಷಯ ಅವಕ್ಕೆ ತೀರ್ಮಾನವಾಗಿಹೋಯಿತು. ನಾನು ಬೈಯುವವಳು. ಹಿತ್ತಲಲ್ಲಿ ಪಾತ್ರೆ ಬೆಳಗುತ್ತ ಕುಳಿತರೆ ತಲೆಯ ಪಕ್ಕದಲ್ಲೇ ಇಳಿದು ತಂಗಳು ಮುದ್ದೆಯ ಚೂರು ಎತ್ತಿಕೊಂಡು ಹೋಗುತ್ತಿದ್ದವು. ಸೋಪಿನ ತುಂಡು, ದೀಪದ ಬತ್ತಿ, ಒಮ್ಮೆ ನನ್ನ ಹೇರ್‌ಪಿನ್ನು, ಯಾವುದನ್ನೂ ಬಿಡುತ್ತಿರಲಿಲ್ಲ.

ನಮ್ಮದು ಕೋಟೆ ಬೆಟ್ಟದ ಕೆಳಗಿನ ಓಣಿಯಲ್ಲಿ ಬಾಡಿಗೆಯ ಹೆಂಚಿನ ಮನೆ. ಮನೆಯಲ್ಲಿ ಇದ್ದವರು ಮೂವರು: ನಾನು, ನನ್ನ ಗಂಡ, ನನ್ನ ಅತ್ತೆ. ಗಂಡ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದ ಆ ಕಾಲದಲ್ಲಿ ಊರಿನ ಒಂದೊಂದೇ ಓಣಿಗೆ ಕಂಬ ನೆಡುತ್ತಿದ್ದರು. ಕಂಬ ನೆಟ್ಟ ಓಣಿಯ ಮನೆಗಳಿಗೆ ದೀಪ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕಾಗೆಗಳು ಮಾತ್ರ ಕಂಬ ನಿಂತ ದಿನವೇ ಬಂದು ಕೂರುತ್ತಿದ್ದವು, ಅದು ತಮಗಾಗಿಯೇ ನೆಟ್ಟದ್ದು ಎಂಬಂತೆ.

ಆ ಬೇಸಿಗೆಯಲ್ಲಿ ನಮ್ಮ ಮನೆಯ ಎದುರಿನ ಕಂಬದ ಮೇಲೆ ಜೋಡಿ ಕಾಗೆಗಳು ಗೂಡು ಕಟ್ಟಿದವು. ಒಂದು ಸಂಜೆ ಚಟಚಟ ಎಂದು ಕಿಡಿ ಹಾರಿ ಓಣಿಯೆಲ್ಲ ಕತ್ತಲಾಯಿತು. ಮರುದಿನ ಗೂಡು ತೆಗೆಯುವ ಕೆಲಸ ನನ್ನ ಗಂಡನ ಪಾಲಿಗೆ ಬಂತು. ಸೊಂಟಕ್ಕೆ ಪಟ್ಟಿ ಬಿಗಿದು ಕಂಬ ಹತ್ತಿದರು. ನಾನು ಹೊಸಿಲ ಮೇಲೆ ನಿಂತು ನೋಡುತ್ತಿದ್ದೆ. ಗೂಡಿನಲ್ಲಿ ಕಡ್ಡಿಗಿಂತ ತಂತಿಯೇ ಹೆಚ್ಚಾಗಿತ್ತು. ಲೈನ್‌ಮನ್‌ಗಳು ಕತ್ತರಿಸಿ ಬಿಸಾಡಿದ ತುಂಡುಗಳನ್ನೇ ಹೆಕ್ಕಿ ಬಗ್ಗಿಸಿ ಹೆಣೆದಿದ್ದವು. ನಡುವೆ ಯಾರದೋ ಕನ್ನಡಕದ ಒಂದು ಕಾಲು ಸಿಕ್ಕಿಕೊಂಡಿತ್ತು. ಅದರೊಳಗೆ ಗರಿ ಬಾರದ ಮರಿಗಳು.

ನನ್ನ ಗಂಡ ಕೆಟ್ಟ ಮನುಷ್ಯರಲ್ಲ. ಮರಿಗಳನ್ನು ಟವಲಿನಲ್ಲಿ ಕಟ್ಟಿಕೊಂಡು ಇಳಿದು, ಎದುರಿನ ಬೇವಿನ ಮರ ಹತ್ತಿ, ಗೂಡನ್ನು ಕವಲಿನಲ್ಲಿ ಕೂರಿಸಿ ಮರಿಗಳನ್ನು ಅದರೊಳಗೆ ಬಿಟ್ಟರು. ಅಷ್ಟರಲ್ಲಿ ಒಂದು ಮರಿ ಸತ್ತಿತ್ತು. ಅದನ್ನು ಕೈಯಲ್ಲಿ ಹಿಡಿದು ಓಣಿಯ ಕೊನೆಯ ತಿಪ್ಪೆಯವರೆಗೆ ನಡೆದು ಹೋದರು. ಅವರ ತಲೆಯ ಮೇಲೆ ಆ ಬೀದಿಯ ಕಾಗೆಗಳೆಲ್ಲ ಕೂಡಿ ಗಲಾಟೆ ಎಬ್ಬಿಸಿದವು. ಜನ ನಕ್ಕರು. ನಾನೂ ನಕ್ಕು ಒಳಗೆ ಬಂದೆ, ಒಲೆಯ ಮೇಲೆ ಎಸರಿತ್ತು. ಆಮೇಲೆ ಅದನ್ನು ಮರೆತುಬಿಟ್ಟೆ.

ಆ ವಾರದಲ್ಲೇ ಗಂಡನ ನಡವಳಿಕೆ ಬದಲಾಯಿತು. ಕೆಲಸ ಮುಗಿಸಿ ಹೊತ್ತು ಇರುವಾಗಲೇ ಮನೆಗೆ ಬರುತ್ತಿದ್ದವರು ದೀಪ ಹಚ್ಚಿದ ಮೇಲೆ ಬರತೊಡಗಿದರು. ಅದೂ ಮುಂಬಾಗಿಲಿನಿಂದಲ್ಲ, ಹಿಂದಿನ ಸಂದಿಯಿಂದ, ಹಿತ್ತಲ ಬಾಗಿಲು ತಳ್ಳಿಕೊಂಡು. ಬೆಳಿಗ್ಗೆ ಹೋಗುವುದೂ ಹಾಗೆಯೇ. ಕೇಳಿದರೆ, "ಆ ಕಡೆ ಹತ್ರ ಆಗ್ತೈತೆ" ಎನ್ನುತ್ತಿದ್ದರು. ಆಫೀಸಿಗೆ ಆ ಕಡೆ ಹತ್ತಿರವಲ್ಲವೆಂದು ಹೊಸಬಳಾದ ನನಗೂ ಗೊತ್ತಿತ್ತು.

ಒಂದು ದಿನ ಹಣೆಯ ಮೇಲೆ, ಕೂದಲಿನ ಅಂಚಿನಲ್ಲಿ, ಉಗುರಿನಿಂದ ಗೀರಿದಂಥ ಗೆರೆ ಇತ್ತು.

"ಏನಿದು?" ಎಂದೆ.

"ತಂತಿ ತಗಲ್ತು."

ತಂತಿಯ ಗೀರು ಉದ್ದಕ್ಕೆ ಒಂದು ಇರುತ್ತದೆ. ಇದು ಪಕ್ಕಪಕ್ಕದಲ್ಲಿ ಮೂರು. ನಾನು ಮತ್ತೆ ಕೇಳಲಿಲ್ಲ. ಕೇಳದೆ ಇದ್ದುದರಿಂದ ಅದು ನನ್ನೊಳಗೆ ಬೆಳೆಯಿತು. ಅತ್ತೆಗೆ ಕಣ್ಣು ಮಂಜು, ಸಂಜೆಯಾದರೆ ಮಗನ ದನಿಯಿಂದಲೇ ಮಗನನ್ನು ಗುರುತಿಸುತ್ತಿದ್ದರು. ಅವರು ಇದನ್ನೆಲ್ಲ ನೋಡುವಂತಿರಲಿಲ್ಲ. ಆಮೇಲೊಂದು ಸಂಜೆ ಗಂಡ ಹಾಕಿಕೊಂಡು ಹೋಗಿದ್ದ ಖಾಕಿ ಅಂಗಿಯ ಬದಲು ಬಿಳಿಯ ಉದ್ದ ಜುಬ್ಬ ಹಾಕಿಕೊಂಡು ಬಂದರು. ತೋಳು ಅವರಿಗೆ ಗಿಡ್ಡ.

"ಇದ್ಯಾರ ಅಂಗಿ?"

"ಗೆಳೆಯಂದು."

"ನಿಮ್ಮದೇನಾತು?"

"ಹರಿದೈತೆ. ಹೊಲಿಯಾಕೆ ಕೊಟ್ಟೀನಿ."

ಮರುದಿನ ಖಾಕಿ ಅಂಗಿ ವಾಪಸು ಬಂತು. ಬೆಳಕಿಗೆ ಹಿಡಿದು ಅಂಗುಲ ಅಂಗುಲ ನೋಡಿದೆ. ಎಲ್ಲೂ ಹರಿದಿರಲಿಲ್ಲ, ಹೊಲಿಗೆಯೂ ಬಿದ್ದಿರಲಿಲ್ಲ. ಕಾಲರಿನ ಮಡಿಕೆಯಲ್ಲಿ ಅರಳೆಯ ಎಳೆ ಅಂಟಿಕೊಂಡಿತ್ತು. ನಮ್ಮ ಮನೆಯಲ್ಲಿ ಮಲಗುತ್ತಿದ್ದುದು ಕಂಬಳಿಯ ಮೇಲೆ. ಅರಳೆ ತುಂಬಿದ ಹಾಸಿಗೆ ನಮಗಿರಲಿಲ್ಲ. ಹಾಗಾದರೆ ಇವರು ಯಾರ ಹಾಸಿಗೆಯ ಮೇಲೆ ಒರಗಿ ಬಂದರು?

ಕೊನೆಗೆ ಸೌದೆಯ ಒಟ್ಟಿಲ ಹಿಂದೆ ಒಂದು ಕೊಡೆ ಸಿಕ್ಕಿತು. ಮಳೆ ಎಂಬುದರ ಸುಳಿವೂ ಇಲ್ಲದ ದಿನಗಳು. ಬಿಚ್ಚಿ ನೋಡಿದೆ, ಹೆಂಗಸರ ಕೊಡೆ, ಅಂಚಿಗೆಲ್ಲ ಬಿಳಿಯ ಹೂವಿನ ಚಿತ್ರ. ಬಟ್ಟೆಯಲ್ಲಿ ಅಲ್ಲಲ್ಲಿ ಸಣ್ಣ ತೂತು ಬಿದ್ದಿತ್ತು. ಮಡಿಚಿ ಇದ್ದ ಜಾಗದಲ್ಲೇ ಇಟ್ಟೆ. ಮಾರನೆಯ ಬೆಳಿಗ್ಗೆ ಅವರು ಹೋದ ಮೇಲೆ ನೋಡಿದರೆ ಕೊಡೆ ಇರಲಿಲ್ಲ. ಸಂಜೆ ಬಂದ ಮೇಲೆ ನೋಡಿದರೆ ಮತ್ತೆ ಅಲ್ಲೇ ಇತ್ತು.

ಬೀದಿ ನಲ್ಲಿಯ ಹತ್ತಿರ ನಾನು ಕೊಡಕ್ಕೆ ನೀರು ಹಿಡಿಯುತ್ತಿದ್ದಾಗ ಸರದಿಗೆ ಕಾಯುತ್ತಿದ್ದ ಪಕ್ಕದ ಓಣಿಯ ಹೆಂಗಸೊಬ್ಬಳು, ನನ್ನ ಕಡೆ ನೋಡದೆ ಹೇಳಿದಳು: "ನಿಮ್ಮೆಜಮಾನ್ರು ದಿನಾ ಸಂಜೆ ಹಾಸಿಗೆ ಅಂಗಡೀಲಿ ಕುಂತಿರ್ತಾರಲ್ಲ. ಒಳಗಿಂದ ಒಬ್ಬಾಕೆ ಚಾ ತಂದು ಕೊಡ್ತಾಳೆ. ಏನ್ ಹಾಸಿಗೆ ಮಾಡಿಸ್ತಾ ಅವ್ರಾ?"

ನನ್ನ ಕೊಡ ತುಂಬಿ ಹರಿಯುತ್ತಿತ್ತು. ಎತ್ತಿಕೊಂಡು ಬಂದೆ. ಆ ರಾತ್ರಿ ಅನ್ನ ಬಡಿಸುತ್ತ, ಅಜ್ಜಿಗೆ ಹುಷಾರಿಲ್ಲವಂತೆ, ಊರಿಗೆ ಹೋಗಿ ಬರುತ್ತೇನೆ ಎಂದೆ. ಯಾರು ಹೇಳಿದರು, ಯಾವಾಗ ಬರುತ್ತೀ ಎಂದು ಒಂದು ಮಾತಾದರೂ ಕೇಳಬಹುದೆಂದುಕೊಂಡಿದ್ದೆ. ಅವರು, "ಹೋಗಿ ಬಾ" ಎಂದರು. ಅಷ್ಟು ಸಲೀಸಾಗಿ ಒಪ್ಪಿದ್ದೂ ನನಗೆ ಇನ್ನೊಂದು ಸಾಕ್ಷಿಯಾಯಿತು.

ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ತವರೆಂದರೆ ಅಪ್ಪ ಮತ್ತು ಅಪ್ಪನ ತಾಯಿ. ಅಜ್ಜಿ ದಿನವಿಡೀ ಜಗಲಿಯ ಮೇಲೆ ಕುಳಿತು ಉಣ್ಣೆ ನೂಲುತ್ತಿದ್ದಳು. ಕಣ್ಣು ಕದಿರಿನ ಮೇಲಿದ್ದರೂ ಗಮನವೆಲ್ಲ ಬಂದು ಹೋಗುವವರ ಮೇಲೆ. ನಾನು ಬಂದು ಗಂಟು ಇಳಿಸುತ್ತಿದ್ದ ಹಾಗೆಯೇ ವಿಚಾರಣೆ ಶುರುವಾಯಿತು.

"ಗಂಡ ಹೊಡೆದ್ನಾ?"

"ಇಲ್ಲ."

"ಕುಡೀತಾನಾ?"

"ಇಲ್ಲ."

"ಹಂಗಾದ್ರೆ ಹೆಣ್ಣು." ಅಜ್ಜಿ ಎಳೆಯನ್ನು ಬೆರಳಿಗೆ ಸುತ್ತಿಕೊಂಡು ನಿಲ್ಲಿಸಿದಳು. "ನೀ ಕಣ್ಣಾರೆ ನೋಡಿದ್ಯಾ?"

"ಇಲ್ಲ."

"ನೋಡ್ದೆ ನಂಬಬ್ಯಾಡ. ನೋಡ್ದೆ ಬಿಡಲೂ ಬ್ಯಾಡ. ನಿಮ್ಮಪ್ಪಂಗೆ ಇದೆಲ್ಲ ಹೇಳಬ್ಯಾಡ, ಅವನು ಕೋಲು ತಗಂಡು ಹೊಂಟುಬಿಡ್ತಾನೆ."

ನಾನು ಅಪ್ಪನಿಗೆ ಹೇಳಲಿಲ್ಲ. ಕುರಿಗಳನ್ನು ಹೊಡೆದುಕೊಂಡು ಹೋದೆ, ರಾಗಿ ಬೀಸಿದೆ, ಕಣ್ಣಾರೆ ನೋಡುವ ಬಗೆ ಯಾವುದೆಂದು ಯೋಚಿಸಿದೆ. ಹೀಗಿರುವಾಗ ಒಂದು ಬೆಳಿಗ್ಗೆ ಗಂಡನ ಸೋದರಮಾವ, ಅಂದರೆ ನನ್ನ ಅತ್ತೆಯ ತಮ್ಮ, ಹೊಳಲ್ಕೆರೆಯಿಂದ ಬಂದ. ಹಟ್ಟಿಯ ಬೇಲಿಯ ಆಚೆಯೇ ನಿಂತ. ಅಪ್ಪ ಕರೆದ: "ಬರ್ರಿ, ಒಳಗೆ ಬರ್ರಿ. ಕುಂತ್ಕಳ್ರಿ."

"ಕುಂದ್ರಂಗಿಲ್ಲ ಯಜಮಾನ್ರೆ," ಎಂದ ಆತ, ತಲೆ ತಗ್ಗಿಸಿಕೊಂಡು. "ಸುದ್ದಿ ಚೆನ್ನಾಗಿಲ್ಲ. ನಿಮ್ಮಳಿಯ ಹೋಗಿಬಿಟ್ಟ. ಕಂಬದ ಮ್ಯಾಲೆ ಕರೆಂಟ್ ಹೊಡೀತು."

ಅಪ್ಪ ಹಾಗೇ ಕುಸಿದು ಕುಳಿತ. ಸುತ್ತಲಿನ ಗುಡಿಸಲುಗಳಿಂದ ಹೆಂಗಸರು ಓಡಿಬಂದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ. ಅಳು ಬರಲಿಲ್ಲ. ಮೊದಲು ನನ್ನ ಮನಸ್ಸಿಗೆ ಬಂದದ್ದು ಒಂದೇ ಮಾತು: ಇವರು ಸತ್ತಿಲ್ಲ, ಅವಳ ಜೊತೆ ಓಡಿಹೋಗಿದ್ದಾರೆ. ಮಾನ ಉಳಿಸಿಕೊಳ್ಳಲು ಸತ್ತರೆಂದು ಹೇಳಿ ಕಳಿಸಿದ್ದಾರೆ.

"ಮಣ್ಣು ಎಷ್ಟೊತ್ತಿಗೆ?" ಎಂದು ಅಪ್ಪ ಕೇಳಿದ.

ಬಂದವನು ತಡವರಿಸಿದ. "ಅದು... ನೀವು ಬಂದ ಮ್ಯಾಲೆ. ಬ್ಯಾಗ ಬರ್ರಿ. ಇನ್ನೂ ನಾಕು ಕಡೆ ಹೇಳಬೇಕು ನಾನು." ಹೇಳಿದವನೇ ತಿರುಗಿ ಹೊರಟ.

ಅಜ್ಜಿ ಅವನ ಬೆನ್ನನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, ತನಗೇ ಹೇಳಿಕೊಂಡಂತೆ, "ಸಾವಿನ ಸುದ್ದಿ ತಂದೋನ ಬಾಯಲ್ಲಿ ಎಲೆ ಅಡಿಕೆ ಯಾಕೈತೆ?" ಎಂದಳು. ನನಗೆ ಕೇಳಿಸಿತು. ನನ್ನ ಅನುಮಾನ ಮತ್ತಷ್ಟು ಗಟ್ಟಿಯಾಯಿತು.

ಅಜ್ಜಿಯ ಅನುಮಾನ ಬೇರೆಯೇ ಇದ್ದಿರಬೇಕು. ಯಾಕೆಂದರೆ ಅವಳು ನನ್ನ ಹತ್ತಿರ ಬಂದು ರಟ್ಟೆಯನ್ನು ಚಿವುಟಿದಳು. "ಅಳೇ," ಎಂದಳು. "ಸುಮ್ನೆ ನಿಂತ್ಕಬ್ಯಾಡ. ಬಾಯಿಬಿಟ್ಟು ಅಳು."

"ಬರ್ತಾ ಇಲ್ಲ ಅಜ್ಜಿ."

"ಬರಿಸ್ಕ. ಗಂಡ ಕಣೇ ಅವ್ನು. ಅತ್ತುಬಿಡು."

ಸುತ್ತ ನಿಂತ ಹೆಂಗಸರು ನನ್ನ ಮುಖವನ್ನೇ ನೋಡುತ್ತಿದ್ದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ, "ಕಣ್ಣಲ್ಲಿ ಒಂದ್ ಹನಿ ಇಲ್ಲ ನೋಡು" ಎಂದಳು. ನಾನು ಅವರನ್ನೂ ನೋಡಿದೆ, ಅಜ್ಜಿಯನ್ನೂ ನೋಡಿದೆ. ಎಲ್ಲರಿಗೂ ನನ್ನಿಂದ ಏನೋ ಬೇಕಾಗಿತ್ತು. ಅದನ್ನು ಕೊಡಲು ನನಗೆ ಮನಸ್ಸಾಗಲಿಲ್ಲ.

ಕುರಿಗಳನ್ನು ಪಕ್ಕದವರಿಗೆ ಒಪ್ಪಿಸಿ ಅಪ್ಪ, ಅಜ್ಜಿ, ನಾನು ಹೊಸದುರ್ಗಕ್ಕೆ ನಡೆದು ಬಂದು ದುರ್ಗದ ಬಸ್ಸು ಹಿಡಿದೆವು. ಅಪ್ಪ ಕಂಬಳಿಯೊಳಗೆ ಮುಖ ಹುದುಗಿಸಿ ಕುಳಿತಿದ್ದ. ಅಜ್ಜಿ ದಾರಿಯುದ್ದಕ್ಕೂ ನನ್ನ ಮುಖ ನೋಡುವುದು, ಮೊಣಕೈಯಿಂದ ತಿವಿಯುವುದು ಮಾಡುತ್ತಿದ್ದಳು. ನಾನು ಕಿಟಕಿಯಾಚೆ ನೋಡುತ್ತ ಲೆಕ್ಕ ಹಾಕುತ್ತಿದ್ದೆ. ಹೋಗಿ ಏನು ಕೇಳಬೇಕು? ಮುಚ್ಚಿದ ಬಟ್ಟೆ ಸರಿಸಿ ಮುಖ ತೋರಿಸಿ ಎನ್ನಬೇಕು. ಮುಖ ಇರದಿದ್ದರೆ ಹಾಸಿಗೆ ಅಂಗಡಿಗೆ ನೇರ ಹೋಗಬೇಕು. ಆ ಹೆಂಗಸು ಅಲ್ಲಿದ್ದಾಳೋ ಇಲ್ಲವೋ ನೋಡಬೇಕು.

ಹೊಳಲ್ಕೆರೆಯಲ್ಲಿ ಬಸ್ಸು ನಿಂತಿತು. ಡ್ರೈವರ್ ಚಹಾಕ್ಕೆ ಇಳಿದು ಹೋದ. ಬಸ್ ನಿಂತ ಜಾಗದ ಪಕ್ಕದಲ್ಲೇ ಒಂದು ಕಂಬ. ಅದರ ಮೇಲೆ ಖಾಕಿ ಚಡ್ಡಿ, ಖಾಕಿ ಅಂಗಿಯ ಒಬ್ಬಾತ ಸೊಂಟದ ಪಟ್ಟಿಗೆ ಒರಗಿ, ಎರಡೂ ಕೈ ಬಿಟ್ಟು ತಂತಿ ಬಿಗಿಯುತ್ತಿದ್ದ. ನಮ್ಮವರಿಗಿಂತ ವಯಸ್ಸಾದವನು. ಬೇರೆ ಊರಿನ ಲೈನ್‌ಮನ್, ಮುಖವೂ ಬೇರೆ, ಮೈಕಟ್ಟೂ ಬೇರೆ. ಆದರೆ ಅವನ ಅಂಗಾಲು ನಮ್ಮವರದರ ಹಾಗೇ ಕಂಬಕ್ಕೆ ತಿಕ್ಕಿ ತಿಕ್ಕಿ ಕಪ್ಪಾಗಿತ್ತು. ಒಂದು ದಿನ ಅತ್ತೆ ಮಲಗಿದ್ದಾಗ ನಾನು ಬಿಸಿನೀರು ಕಾಯಿಸಿ ಇಟ್ಟು, "ಕಾಲು ತೊಳ್ಕಳ್ರಿ, ಮಸಿ ಹಿಡಿದೈತೆ" ಎಂದಿದ್ದೆ. "ಇದು ಹೋಗಲ್ಲ ಕಣೇ, ಇದು ಸಂಬಳದ ಜೊತೆ ಬರೋದು" ಎಂದಿದ್ದರು.

ಎಲ್ಲಿಂದ ಬಂತೋ ತಿಳಿಯದು. ಅಳು ಕಿತ್ತುಕೊಂಡು ಬಂತು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಅತ್ತುಬಿಟ್ಟೆ. ಓಡಿಹೋಗಿದ್ದರೂ ಓಡಿಹೋಗಿರಲಿ, ಎಲ್ಲಾದರೂ ಇರಲಿ ಎಂದು ಅಳುತ್ತಿದ್ದೆ. ಕಂಬದ ಮೇಲಿದ್ದವನೂ ಕೆಲಸ ನಿಲ್ಲಿಸಿ ಕೆಳಗೆ ನೋಡಿದ.

ಅಜ್ಜಿ ಸೆರಗಿನಿಂದ ನನ್ನ ಮುಖ ಒರೆಸಿದಳು. ಅವಳ ಮುಖದಲ್ಲಿ ಒಂದು ನಿರಾಳ ಕಂಡಿತು. "ಸಾಕು ಸಾಕು. ಈಗ ಸರಿಹೋತು," ಎಂದಳು.

ಬಿಕ್ಕುತ್ತಲೇ ಅವಳನ್ನು ನೋಡಿದೆ. ಏನು ಸರಿಹೋಯಿತು? ಸತ್ತವರ ಮನೆಗೆ ಹೊರಟವರು ಆಡುವ ಮಾತೇ ಇದು?

ದುರ್ಗದಲ್ಲಿ ಇಳಿದು ನಮ್ಮ ಓಣಿಯ ತಿರುವಿಗೆ ಬಂದಾಗ ಮಧ್ಯಾಹ್ನ ದಾಟಿತ್ತು. ತಮಟೆಯ ಸದ್ದಿಲ್ಲ. ಮನೆಯ ಮುಂದೆ ಜನರಿಲ್ಲ, ಬೆಂಕಿ ಹೊಗೆ ಇಲ್ಲ. ನಲ್ಲಿಯ ಹತ್ತಿರ ಅದೇ ಹೆಂಗಸು ಕೊಡ ಇಟ್ಟುಕೊಂಡು ನಿಂತಿದ್ದಳು. "ಯಾಕವ್ವಾ, ಅತ್ತಂಗೈತೆ ಮುಖ? ಊರಲ್ಲಿ ಎಲ್ಲಾ ಚೆನ್ನಾಗವ್ರಾ?" ಎಂದಳು. ಅಪ್ಪ ನಿಂತುಬಿಟ್ಟ. ನಾನು ಮನೆಯ ಬಾಗಿಲ ಕಡೆ ನೋಡಿದೆ.

ಆಗ ಮೇಲೆ ಕಾಗೆಗಳ ಗದ್ದಲ ಎದ್ದಿತು. ಊಟ ಮುಗಿಸಿ ಕೆಲಸಕ್ಕೆ ಹೊರಟಿದ್ದ ನನ್ನ ಗಂಡ ನಮ್ಮ ಮನೆಯ ಪಕ್ಕದ ಸಂದಿಯಿಂದ ಹೊರಗೆ ಬಂದರು. ಮೈಮೇಲೆ ಆ ಬಿಳಿಯ ಜುಬ್ಬ, ತಲೆಯ ಮೇಲೆ ಬಿಚ್ಚಿದ ಹೂವಿನ ಕೊಡೆ. ಬೇವಿನ ಮರದಿಂದ ಎರಡು ಕಾಗೆ ಎರಗಿ ಕೊಡೆಯ ಬಟ್ಟೆಗೆ ಕುಕ್ಕಿ ಮೇಲೆ ಹೋದವು. ಹೆಂಚುಗಳ ಮೇಲಿಂದ ಇನ್ನಷ್ಟು ಬಂದವು. ಅವರು ಕೊಡೆಯನ್ನು ಹಿಂದೆ ಮುಂದೆ ವಾಲಿಸುತ್ತ, ತಲೆಯನ್ನು ಭುಜದೊಳಕ್ಕೆ ಎಳೆದುಕೊಂಡು ಬೇಗ ಬೇಗ ನಡೆದು ಬರುತ್ತಿದ್ದರು. ಬೀದಿಯಲ್ಲಿ ಬೇರೆ ಜನರಿದ್ದರು. ಯಾರ ತಂಟೆಗೂ ಅವು ಹೋಗಲಿಲ್ಲ.

ನಮ್ಮನ್ನು ಕಂಡು ಅವರು ನಿಂತರು. ಮಾವನ ಮುಂದೆ ಕೊಡೆ ಹಿಡಿದು ನಿಲ್ಲಬಾರದೆಂದು ಮಡಿಚಿದರು. ಮಡಿಚಿದ್ದೇ ತಡ, ಒಂದು ಕಾಗೆ ಹಿಂದಿನಿಂದ ಬಂದು ತಲೆಗೆ ಬಡಿದು ಹೋಯಿತು.

"ಏನ್ ಮಾವ, ಎಲ್ರೂ ಹಿಂಗೆ ಬಂದೀರಿ?" ಎಂದರು ತಲೆ ಸವರಿಕೊಳ್ಳುತ್ತ. "ಯಾರಿಗೇನಾತು?"

ಅಪ್ಪ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಿಂಗೇ ಆಗೈತಂತೆ ಕಣಪ್ಪ."

ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. ನಮ್ಮ ದನಿ ಕೇಳಿ ಅವರ ಮುಖ ಅರಳಿತು. ನೇರ ನನ್ನ ಹತ್ತಿರ ಬಂದು ಕೆನ್ನೆ ಮುಟ್ಟಿ ನೋಡಿದರು. "ಅತ್ಯಾ ತಾಯಿ? ಚೆನ್ನಾಗಿ ಅತ್ಯಾ?"

"ಹೊಳಲ್ಕೆರೇಲಿ ಬಸ್ ನಿಂತಾಗ ಅತ್ಲು," ಎಂದು ಅಜ್ಜಿಯೇ ಉತ್ತರ ಕೊಟ್ಟಳು. "ಅಲ್ಲೀವರೆಗೂ ಕಲ್ಲಿನಂಗೆ ಕುಂತಿದ್ಲು. ಕಾಗೆ ಸುದ್ದಿ ಅಂತ ನಂಗೆ ಬೇಲಿ ಹತ್ರವೇ ವಾಸನೆ ಬಂದಿತ್ತು. ಹೇಳೋ ಹಂಗಿಲ್ಲವಲ್ಲ."

ಆಗ ನನಗೆ ತಿಳಿಯಿತು. ಕಾಗೆ ತಲೆಗೆ ಬಡಿದರೆ ಸಾವು ಹತ್ತಿರವೆಂದು ನಮ್ಮ ಕಡೆ ನಂಬುತ್ತಾರೆ. ಅದಕ್ಕೆ ಪರಿಹಾರ, ಆ ಮನುಷ್ಯ ಸತ್ತನೆಂದು ದೂರದ ನಂಟರಿಗೆ ಸುಳ್ಳು ಸುದ್ದಿ ಮುಟ್ಟಿಸುವುದು. ಅವರು ನಿಜವೆಂದು ನಂಬಿ ಅತ್ತರೆ ಬರಬೇಕಾದ ಸಾವು ಆ ಅಳುವಿನಲ್ಲೇ ಕಳೆದುಹೋಗುತ್ತದೆ. ಮೊದಲೇ ಸುಳ್ಳೆಂದು ಗೊತ್ತಾದರೆ ಪರಿಹಾರ ಫಲಿಸುವುದಿಲ್ಲ. ನಾನು ತವರಿಗೆ ಹೋದ ಮೇಲೆ ಒಂದು ಬೆಳಿಗ್ಗೆ ಹಿತ್ತಲಿನಲ್ಲಿ, ಅತ್ತೆಯ ಎದುರಿನಲ್ಲೇ, ಕಾಗೆ ಮಗನ ತಲೆಗೆ ಬಡಿದಿತ್ತು. ಅವರು ಮಗನಿಗೆ ಒಂದು ಮಾತೂ ಹೇಳದೆ ತಮ್ಮನಿಗೆ ಹೇಳಿ ಕಳಿಸಿದ್ದರು.

ಅಪ್ಪ ಸಿಟ್ಟಿನಿಂದ ಕಂಬಳಿಯನ್ನು ನೆಲಕ್ಕೆ ಬಿಸುಟ. "ನನ್ನ ಮಗಳ ತಾಳಿ ಮ್ಯಾಲೆ ಆಟ ಆಡ್ತೀರಾ ನೀವು? ನಿಮ್ಮ ಕಡೆಯೋರಿಗೆ ಹೇಳಿ ಕಳಿಸ್ಬೇಕಿತ್ತು!"

"ನಮ್ಮ ಕಡೆಯೋರು ಅಳಲ್ಲಪ್ಪ," ಎಂದರು ಅತ್ತೆ, ಬಹಳ ಸಾವಧಾನವಾಗಿ. "ಕಾಗೆ ಸುದ್ದಿ ಅಂತ ಅವರಿಗೆ ಗೊತ್ತಾಗಿಬಿಡ್ತೈತೆ. ಒಬ್ರಾದ್ರೂ ನಿಜವಾಗಿ ಅಳಬೇಕಲ್ಲ. ನನ್ನ ಮಗ ಸತ್ತ ಅಂದ್ರೆ ಹೊಟ್ಟೆ ಹರಕೊಂಡು ಅಳೋರು ಇನ್ಯಾರವ್ರೆ, ಇವಳೊಬ್ಬಳೇ."

"ಅವ್ವಾ, ನನ್ನ ಸಾಯಿಸಿಬಿಟ್ಯಲ್ಲವ್ವಾ," ಎಂದರು ನನ್ನ ಗಂಡ.

"ಉಳಿಸ್ಕಂಡೀನಿ ಕಣಪ್ಪ."

ಅಪ್ಪ ಆ ಮನೆಯಲ್ಲಿ ನೀರು ಸಹ ಮುಟ್ಟದೆ ಸಂಜೆಯ ಬಸ್ಸಿಗೆ ಹೊರಟ. ಅಜ್ಜಿ ಮಾತ್ರ ಅತ್ತೆಯ ಜೊತೆ ಕುಳಿತು ಉಂಡು, ಯಾವ ಊರಿನಲ್ಲಿ ಯಾರಿಗೆ ಕಾಗೆ ಬಡಿದಿತ್ತು, ಯಾರು ಅಳದೆ ಏನಾಯಿತು ಎಂದೆಲ್ಲ ಮಾತಾಡಿ ಆಮೇಲೆ ಎದ್ದಳು.

ನನ್ನ ಅನುಮಾನ ಅಲ್ಲಿಗೆ ಮುಗಿಯಲಿಲ್ಲ. ಗಂಡ ಎಲ್ಲ ಹೇಳಿದರು: ಸತ್ತ ಮರಿಯನ್ನು ತಮ್ಮ ಕೈಯಲ್ಲಿ ಕಂಡಾಗಿನಿಂದ ಕಾಗೆಗಳು ಬಿಡುತ್ತಿಲ್ಲವಂತೆ, ಅವಕ್ಕೆ ಹೆದರಿ ಹಾಸಿಗೆ ಅಂಗಡಿಯಲ್ಲಿ ಕತ್ತಲಾಗುವವರೆಗೂ ಕಾಯುತ್ತಿದ್ದರಂತೆ, ಅಂಗಿ ಬದಲಿಸಿದರೆ ಗುರುತು ಸಿಗಲಾರದೆಂದು ಅಂಗಡಿಯವನ ಜುಬ್ಬ ಕೇಳಿ ಪಡೆದರಂತೆ, ಕೊಡೆಯೂ ಆ ಮನೆಯವರದೇ ಅಂತೆ. ಹೇಳಿದ್ದನ್ನೆಲ್ಲ ಕೇಳಿ, "ನಂಗೆ ಆ ಅಂಗಡಿ ತೋರಿಸ್ರಿ" ಎಂದೆ.

ಮರುದಿನ ಸಂಜೆ ಕರೆದುಕೊಂಡು ಹೋದರು. ತಲೆತಲಾಂತರದಿಂದ ಊರಿನಲ್ಲೇ ಇದ್ದ ಮುಸಲ್ಮಾನ ಕುಟುಂಬ. ಮುಂದಿನ ಪಡಸಾಲೆಯಲ್ಲಿ ಅಂಗಡಿಯವನು ಅರಳೆ ಹಿಂಜಿ ಹಾಸಿಗೆ ತುಂಬುತ್ತಿದ್ದ, ಗಾಳಿಯಲ್ಲೆಲ್ಲ ಅರಳೆಯ ಎಳೆ. ಅವನ ಹೆಂಡತಿ ನನ್ನ ಅತ್ತೆಯ ವಯಸ್ಸಿನವಳು, ಮುಂದಿನ ಎರಡು ಹಲ್ಲಿರಲಿಲ್ಲ. ನನ್ನನ್ನು ಕಂಡು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

"ಬಾ ಬೇಟಿ, ಒಳಗೆ ಬಾ. ನಾನು ದಿನಾ ಹೇಳ್ತಿದ್ದೆ, ಲೇ, ಹೆಂಡ್ತಿಗೆ ಹೇಳಪ್ಪಾ ಅಂತ. ಕೇಳ್ಲಿಲ್ಲ. ಶರಮ್ ಇವನಿಗೆ, ನಾಚ್ಕೆ."

ದಾರದ ಮೇಲೆ ಒಣಗುತ್ತಿದ್ದ ಜುಬ್ಬಗಳನ್ನು ನೋಡಿದೆ. ತೋಳಿನ ಅಳತೆ ನೋಡಿದೆ. ಒಳಗೆ ಬೇರೆ ಹೆಂಗಸರು ಯಾರಾದರೂ ಇದ್ದಾರೆಯೇ ಎಂದು ಬಾಗಿಲ ಕಡೆಯೂ ಕಣ್ಣು ಹಾಯಿಸಿದೆ. ಅದು ಆ ತಾಯಿಗೆ ಅರ್ಥವಾಯಿತೋ ಏನೋ, ನನ್ನ ಕೈ ಹಿಡಿದು ಕಿಟಕಿಯ ಹತ್ತಿರ ಕೂರಿಸಿ, "ನನ್ನ ನೋಡ್ಬೇಡ, ಆ ಕಡೆ ನೋಡು" ಎಂದಳು.

ಎದುರಿನ ಮನೆಯ ಮಾಳಿಗೆಯ ಅಂಚಿನ ಮೇಲೆ ಕಾಗೆಗಳು ಸಾಲಾಗಿ ಕುಳಿತಿದ್ದವು. ಯಾವುದೂ ಕೂಗುತ್ತಿರಲಿಲ್ಲ. ಎಲ್ಲವೂ ಅಂಗಡಿಯ ಬಾಗಿಲ ಕಡೆಗೇ ಮುಖ ಮಾಡಿದ್ದವು. ನನ್ನ ಗಂಡ ಹಾಸಿಗೆಯ ಸುರುಳಿಯ ಹಿಂದೆ ಕುಳಿತಿದ್ದರು. ಸ್ವಲ್ಪ ಮುಂದಕ್ಕೆ ಬಾಗಿದರೆ ಸಾಲಿನಲ್ಲಿ ಒಂದು ಕತ್ತು ಉದ್ದವಾಗುತ್ತಿತ್ತು. ಹೊತ್ತು ಇಳಿದು ಜೋಗಿಮಟ್ಟಿ ಗುಡ್ಡದ ಕಡೆಯಿಂದ ತಂಗಾಳಿ ಬೀಸಿದಾಗ ಅವು ಒಂದೊಂದಾಗಿ ಎದ್ದು, ರಾತ್ರಿ ಕೂರುವ ಮರಗಳ ಕಡೆ ಹಾರಿಹೋದವು. ಒಂದು ಮಾತ್ರ ಉಳಿಯಿತು. ಅದು ಹೋಗುವವರೆಗೆ ನಾವು ಏಳಲಿಲ್ಲ.

ದಾರಿಯಲ್ಲಿ ಕೇಳಿದೆ: "ನಂಗೆ ಯಾಕೆ ಹೇಳ್ಲಿಲ್ಲ?"

"ಕಂಬ ಹತ್ತೋ ಗಂಡಸು ಕಾಗೆಗೆ ಹೆದರ್ತಾನೆ ಅಂದ್ರೆ ನೀ ನಗ್ತಿದ್ದೆ."

"ನಗ್ತಿದ್ದೆ," ಎಂದೆ. ಅದು ನಿಜವೇ ಆಗಿತ್ತು.

ಸ್ವಲ್ಪ ದೂರ ನಡೆದ ಮೇಲೆ ಅವರು ಕೇಳಿದರು: "ನೀನೂ ಹೇಳು. ಸುದ್ದಿ ಕೇಳಿದ ಕೂಡ್ಲೆ ಯಾಕೆ ಅಳ್ಲಿಲ್ಲ? ಹೊಳಲ್ಕೆರೆವರೆಗೂ ಯಾಕೆ ಬೇಕಾತು?"

"ಸತ್ತಿಲ್ಲ, ಯಾರ ಜೊತೇಗೋ ಓಡಿಹೋಗೀರಿ ಅನ್ಕಂಡೆ."

ಅವರು ಹೆಜ್ಜೆ ಜೋರು ಮಾಡಿ ಮುಂದೆ ನಡೆದರು. ಆಮೇಲಿನ ದಿನಗಳಲ್ಲಿ ಅವರು ನನ್ನನ್ನು ನೋಡುವ ರೀತಿಯಲ್ಲಿ ಏನೋ ಒಂದು ಸೇರಿಕೊಂಡಿತು. ನಾನು ನಲ್ಲಿಗೆ ಹೋಗಿ ಬಂದರೆ, "ಯಾರು ಸಿಕ್ಕಿದ್ರು?" ಎನ್ನುವರು. ಅಂಗಿ ಒಗೆಯಲು ಎತ್ತಿಕೊಂಡರೆ ನನ್ನ ಕೈಯನ್ನೇ ಗಮನಿಸುವರು, ಜೇಬು ತಡಕುತ್ತೇನೋ ಎಂದು. ಮೊದಲು ಅನುಮಾನ ಇದ್ದುದು ನನ್ನೊಬ್ಬಳಿಗೆ. ಈಗ ಅದು ಇಬ್ಬರಿಗೂ ಹಂಚಿಹೋಗಿತ್ತು. ಅತ್ತೆ ಮಾತ್ರ ನಿಶ್ಚಿಂತೆಯಿಂದಿದ್ದರು. ಮಗನ ಗಂಡಾಂತರ ಕಳೆದಿತ್ತು.

ಕಾಗೆಗಳು ಮರೆಯಲಿಲ್ಲ. ಬೇವಿನ ಮರದ ಮರಿಗಳು ಉಳಿಯಲಿಲ್ಲ. ಮುಂದಿನ ಬೇಸಿಗೆಯಲ್ಲಿ ಆ ಜೋಡಿ ಮತ್ತೆ ಗೂಡು ಕಟ್ಟಿ ಮರಿ ಹಾರಿಸಿತು. ಹಿಂದಿನ ವರ್ಷ ಏನನ್ನೂ ಕಾಣದ ಆ ಹೊಸ ಕಾಗೆಗಳೂ, ತಾಯಿ ತಂದೆಯ ಕೂಗು ಕೇಳಿ ಇವರ ಹಿಂದೆ ಬಿದ್ದವು. ಕೊನೆಗೆ ಅವರೇ ಸಾಹೇಬರನ್ನು ಕಂಡು ವರ್ಗ ಕೇಳಿಕೊಂಡರು. ಕಾರಣ ಏನು ಹೇಳಿದರೆಂದು ನನಗೆ ತಿಳಿಸಲಿಲ್ಲ, ನಾನೂ ಕೇಳಲಿಲ್ಲ. ಹಿರಿಯೂರಿಗೆ ಹಾಕಿದರು.

ಹಿರಿಯೂರಿನ ಮೊದಲ ಬೆಳಿಗ್ಗೆ ಅವರು ಬಾಗಿಲಲ್ಲೇ ತುಂಬ ಹೊತ್ತು ನಿಂತಿದ್ದರು. ಕತ್ತೆತ್ತಿ ತಂತಿ ನೋಡಿದರು, ಮರ ನೋಡಿದರು. ಅಲ್ಲಿಯೂ ಅದೇ ಬೂದು ಕತ್ತಿನ ಕಾಗೆಗಳು. "ಹೋಗಾಣ ಬಾ, ಊರು ನೋಡ್ಕಂಡು ಬರಾಣ" ಎಂದರು. ನನ್ನನ್ನು ಯಾಕೆ ಕರೆದರೆಂದು ನನಗೆ ತಿಳಿಯಿತು: ಇಲ್ಲಿನ ಕಾಗೆಗಳು ಗುರುತು ಹಿಡಿಯುತ್ತವೋ ಇಲ್ಲವೋ ಎಂದು ನೋಡಲು ಒಬ್ಬರೇ ಹೋಗುವ ಧೈರ್ಯವಿರಲಿಲ್ಲ. ಒಂದು ಹೆಜ್ಜೆ ಹಿಂದೆ ನಡೆದೆ. ಅವರು ತಲೆಯನ್ನು ಭುಜದೊಳಗೆ ಎಳೆದುಕೊಂಡಿದ್ದರು. ಒಂದು ಕಾಗೆ ಗೋಡೆಯ ಮೇಲಿಂದ ಅವರ ಕೈ ನೋಡಿತು, ಮುಖ ನೋಡಿತು, ಆಮೇಲೆ ಆಸಕ್ತಿ ಕಳೆದುಕೊಂಡು ಚರಂಡಿಗೆ ಇಳಿಯಿತು. ಇನ್ನೊಂದು ಕಂಬದ ಮೇಲಿಂದ ಅಲುಗಾಡಲೂ ಇಲ್ಲ. ಹೊಳೆಯ ಸೇತುವೆಯ ಹತ್ತಿರ ಬರುವ ಹೊತ್ತಿಗೆ ಅವರ ಕತ್ತು ನೆಟ್ಟಗಾಗಿತ್ತು.

ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಹೋಟೆಲಿ‌ತ್ತು. ಆಗೆಲ್ಲ ಹೆಂಗಸರು ಹೋಟೆಲಿಗೆ ಹೋಗುವುದು ಕಡಿಮೆ, ಹೋದರೂ ಒಳಗಿನ ಪರದೆಯ ಹಿಂದೆ ಕೂರುತ್ತಿದ್ದರು. ಅವರು ಹೊರಗಿನ ಬೆಂಚಿನ ಮೇಲೆ, ಬಟ್ಟಬಯಲಿನಲ್ಲಿ ಕುಳಿತು, "ಕುಂತ್ಕ" ಎಂದರು. ಜನ ನನ್ನನ್ನು ನೋಡಿದರು. ನಾನು ಸೆರಗು ಹೊದ್ದು ಕುಳಿತೆ. ಎರಡು ಟೀ, ಒಂದು ವಡೆ ಹೇಳಿದರು. ವಡೆ ಮುರಿಯುತ್ತಿರುವಾಗ ಎಲ್ಲಿಂದಲೋ ಒಂದು ಕಾಗೆ ಇಳಿದು, ಬೆಂಚಿನ ತುದಿಯಲ್ಲಿ ಕುಪ್ಪಳಿಸಿ, ಅವರ ಮುಂದಿನ ಎಲೆಯಿಂದ ಅರ್ಧ ವಡೆ ಎತ್ತಿಕೊಂಡು ಹಾರಿತು. ಅವರು ಬೆಚ್ಚಿ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಬೆರಳ ಸಂದಿಯಿಂದ ನನ್ನನ್ನು ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ಆಗಲಿಲ್ಲ.

"ಇನ್ನೊಂದು ವಡೆ ಕೊಡ್ರಪ್ಪ," ಎಂದರು ಹೋಟೆಲಿನವರಿಗೆ.